ಅಪ್‌ಡೇಟ್: ಕೋಚ್ ಬೀಳ್ಕೊಡುಗೆ ಮುಗೀತು, ಪೇಟ ಮಾತ್ರ ತಲೆಗೆ ಕೂರಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಇಲ್ಲಿ ಅಮೆರಿಕದ ಅಲಬಾಮದಲ್ಲಿ ಮಗ ಆಡುವ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲ್) ತಂಡದ ಕೋಚ್ ನಿವೃತ್ತರಾಗ್ತಿದ್ದಾರೆ, ಪೋಷಕರು ಏನು ಮಾಡಬಹುದು ಅಂತ. ಶನಿವಾರ ಕಾರ್ಯಕ್ರಮ ಆಯ್ತು.

ಮೈದಾನಕ್ಕೆ ಅವರ ಹೆಸರಿಡಿ ಅಂದಿದ್ರಿ. 2024ರ ಜನವರಿಯಲ್ಲಿ ನಿವೃತ್ತರಾದ ಅಲಬಾಮ ವಿಶ್ವವಿದ್ಯಾಲಯ ತಂಡದ ಕೋಚ್ ನಿಕ್ ಸೇಬನ್ ಹೆಸರನ್ನು ಅದೇ ವರ್ಷ ಟಸ್ಕಲೂಸದ ಬ್ರಯಂಟ್-ಡೆನ್ನಿ ಸ್ಟೇಡಿಯಂನ ಮೈದಾನಕ್ಕೆ ಇಟ್ಟರು, ನಿಜ. ಆದರೆ ಅವರು 7 ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು, 6 ಅಲಬಾಮಕ್ಕೇ. ನಮ್ಮ ಸಣ್ಣ ಕಾಲೇಜಿನವರು ಕೇಳಿ ನಕ್ಕು ಸುಮ್ಮನಾದರು.

ಕೈ ಹಿಡಿದದ್ದು ಹಳೇ ಆಟಗಾರರಿಂದ ಪತ್ರ ತರಿಸುವ ಸಲಹೆ. ಕೈಬರಹದಲ್ಲೇ ಇರಲಿ ಅಂದವರಿಗೆ ದೊಡ್ಡ ನಮಸ್ಕಾರ. 43 ಬಂದವು. ಒಬ್ಬ ತಾನು ಕೈಬಿಟ್ಟ ಪಾಸ್‌ಗೆ ಇಪ್ಪತ್ತು ವರ್ಷದ ನಂತರ ಕ್ಷಮೆ ಕೇಳಿದ್ದ! ಕೋಚ್ ಅದನ್ನು ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

ಮೈಸೂರು ಪೇಟ? ಶಾಲು ಹೊದಿಸಿದ್ದು ಸರಿಹೋಯ್ತು, ಪೇಟ ಆ ತಲೆಗೆ ಇಳಿಯಲೇ ಇಲ್ಲ. ತರಿಸೋ ಮುಂಚೆ ತಲೆ ಅಳತೆ ತಗೊಳ್ಳಿ.

ನನಗೆ ಆಶ್ಚರ್ಯ ಆಗಿದ್ದು, ಕೋಚ್ ಭಾಷಣದಲ್ಲಿ ಗೆಲುವಿನ ಲೆಕ್ಕವೇ ಬರಲಿಲ್ಲ. ಎಷ್ಟು ಹುಡುಗರು ಡಿಗ್ರಿ ಮುಗಿಸಿದರು ಅಂತಷ್ಟೇ ಹೇಳಿ ಕೂತರು. ಪೇಟ ಈಗ ಅವರ ಮೊಮ್ಮಗನ ತಲೆ ಮೇಲಿದೆ.