ಡೋಪಮಿನ್ ‘ಗ್ರಾಹಕ’ವೋ ‘ಗ್ರಾಹಿ’ಯೋ? ವ್ಯಸನ, ಗೀಳು, ಚಟಗಳಲ್ಲಿ ಯಾವುದು?

ಪ್ರಶ್ನೆ (ಕೊಪ್ಪಳ): ಸರ್, ಕುಡಿತ, ತಂಬಾಕು ಬಿಡಿಸುವ ಶಿಬಿರಕ್ಕೆ ಎರಡು ಪುಟದ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ಹೀಗಿದೆ: ‘ಡೋಪಮಿನ್ ಗ್ರಾಹಕಗಳು ಹೆಚ್ಚಾದಂತೆ ಸುಖ ಹೆಚ್ಚಿ ಮನುಷ್ಯ ವ್ಯಸನಿಯಾಗುತ್ತಾನೆ.’ ಗ್ರಾಹಕ ಅಂದರೆ ಅಂಗಡಿಗೆ ಬರುವ ಗಿರಾಕಿ ಅಂತಲೇ ನಮ್ಮ ಜನ ಓದುತ್ತಾರೆ. ಬೇರೆ ಪದ ಇದೆಯೇ? ‘ವ್ಯಸನ’ದ ಬದಲು ‘ಗೀಳು’ ಅಥವಾ ‘ಚಟ’ ಆಗಬಹುದೇ?

ಉತ್ತರ (ಬಳ್ಳಾರಿ): ‘ಗ್ರಾಹಿ’ ಎಂದು ಬರೆಯಿರಿ, ಗಿರಾಕಿಯ ಗೊಂದಲ ತಪ್ಪುತ್ತದೆ. ಆದರೆ ಪದ ಬದಲಿಸಿದರೂ ಆ ವಾಕ್ಯ ನಿಲ್ಲುವುದಿಲ್ಲ, ಅದರ ತಿರುಳೇ ತಿರುವುಮುರುವಾಗಿದೆ.

ಡೋಪಮಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಗ್ರಾಹಿ ಎಂದರೆ ಅಂಥ ರಾಸಾಯನಿಕವನ್ನು ಹಿಡಿದುಕೊಳ್ಳುವ, ನರಕೋಶದ ಹೊರಪೊರೆಯಲ್ಲಿರುವ ಪ್ರೋಟೀನು. ಡೋಪಮಿನ್‌ಗೆ ಐದು ಬಗೆಯವಿವೆ. ಡಿ1, ಡಿ5 ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ಏರಿಸುತ್ತವೆ. ಡಿ2, ಡಿ3, ಡಿ4 ಇಳಿಸುತ್ತವೆ. ಚಟದ ವಿಷಯದಲ್ಲಿ ಹೆಚ್ಚು ಮಾತು ಡಿ2 ಬಗ್ಗೆ. ಕೊಕೇನ್, ಮೆಥಾಂಫೆಟಮಿನ್, ಮದ್ಯದ ಚಟವಿರುವವರ ಪಿಇಟಿ ಸ್ಕ್ಯಾನ್‌ಗಳಲ್ಲಿ (ಮಿದುಳಿನೊಳಗಿನ ರಾಸಾಯನಿಕ ಚಟುವಟಿಕೆ ತೋರಿಸುವ ಚಿತ್ರಗಳಲ್ಲಿ) ಸ್ಟ್ರಯೇಟಮ್ ಎಂಬ, ಮಿದುಳಿನ ಆಳದ ಭಾಗದ ಡಿ2 ಸರಾಸರಿಯಲ್ಲಿ ಕಡಿಮೆಯೇ ಕಂಡಿದೆ. ಅಮೆರಿಕದ ಮಿದುಳು ಸಂಶೋಧಕಿ ನೋರಾ ವೋಲ್ಕೋ ಅವರ ತಂಡ 1990ರ ದಶಕದಿಂದಲೇ ಇದನ್ನು ತೋರಿಸುತ್ತ ಬಂದಿದೆ. ಹೆಚ್ಚಾಗುವುದಲ್ಲ, ಕಡಿಮೆಯಾಗುವುದು! ಡಿ2 ಕಡಿಮೆ ಇದ್ದುದಕ್ಕೆ ಚಟವೋ, ಚಟದಿಂದ ಡಿ2 ಕಡಿಮೆಯೋ ಎಂದು ಕೇಳಿದರೆ, ಕೋತಿಗಳ ಮೇಲಿನ ಕೊಕೇನ್ ಪ್ರಯೋಗಗಳಲ್ಲಿ ಎರಡೂ ಕಂಡಿವೆ.

‘ಸುಖ’ವನ್ನೂ ತೆಗೆಯಿರಿ. ಪತ್ರಿಕೆಗಳು ಡೋಪಮಿನ್‌ಗೆ ‘ಸುಖದ ಹಾರ್ಮೋನು’ ಎಂಬ ಬಿರುದು ಕೊಟ್ಟು ಕೆಡಿಸಿವೆ. ಮಿದುಳಿನ ಡೋಪಮಿನ್ ಬಹುಪಾಲು ನಾಶವಾದ ಇಲಿ ಸಿಹಿ ಬಾಯಿಗಿಟ್ಟರೆ ಸವಿಯುತ್ತದೆ, ತಾನಾಗಿ ಅದರ ಬಳಿ ಹೋಗುವುದಿಲ್ಲ. ಹಾಗಾಗಿ ‘ಸೆಳೆತ’ ಸರಿಯಾದ ಪದ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಹಣ್ಣಿನ ರಸಕ್ಕೂ ಮುನ್ನ ದೀಪ ಹತ್ತುವುದು ರೂಢಿಯಾದ ಮೇಲೆ ಡೋಪಮಿನ್ ಕೋಶಗಳು ದೀಪಕ್ಕೇ ಮಿಡಿದವು, ರಸ ತಪ್ಪಿದಾಗ ಮಿಡಿತ ಕುಸಿಯಿತು. ಗುಟ್ಕಾ ಚೀಟಿ ಹರಿಯುವ ಸದ್ದಿಗೇ ‘ಮನಸ್ಸು ಜಗ್ಗತೈತಿ’ ಅನ್ನುತ್ತಾರಲ್ಲ, ಕೈಪಿಡಿಯಲ್ಲಿ ಅದನ್ನೇ ಬಳಸಿ. ‘ಮೊದಲಿನಂಗ ನಿಶಾ ಏರವಲ್ದು’ ಎಂಬುದೂ ಹಾಗೇ ಇರಲಿ, ಅದಕ್ಕಿರುವ ‘ಸಹಿಷ್ಣುತೆ’ (ಟಾಲರೆನ್ಸ್) ಎಂಬ ಶಾಸ್ತ್ರೀಯ ಪದ ಬರೆದರೆ ಸರ್ವಧರ್ಮ ಸಮ್ಮೇಳನದ ಭಾಷಣ ನೆನಪಾಗುತ್ತದೆ.

ಎಲ್ಲ ಅಮಲನ್ನೂ ಡೋಪಮಿನ್ ಗ್ರಾಹಿಗೆ ಅಂಟಿಸಬೇಡಿ. ತಂಬಾಕಿನ ನಿಕೋಟಿನ್ ಕೂರುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕದ ಗ್ರಾಹಿಯ ಮೇಲೆ. ಡೋಪಮಿನ್ ಆಮೇಲೆ ಏರುತ್ತದೆ. ರಾಯಚೂರು ಕಡೆ ಸೇಂದಿಗೆ ಬೆರೆಸುವ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಮುಖ್ಯವಾಗಿ ಮಿದುಳಿನ ಉದ್ರೇಕಕ್ಕೆ ಬ್ರೇಕ್ ಹಾಕುವ ಗಾಬಾ ಗ್ರಾಹಿಯ ಮೇಲೆ ಕೆಲಸ ಮಾಡುತ್ತದೆ. ಮದ್ಯವೂ ಅಲ್ಲಿ ಕೈಯಾಡಿಸುತ್ತದೆ. ಆದ್ದರಿಂದ ‘ಇಂದೇ ಬಿಟ್ಟುಬಿಡಿ’ ಎಂಬ ಘೋಷಣೆ ತಂಬಾಕಿಗೆ ಸರಿ, ಇವೆರಡಕ್ಕೆ ಅಪಾಯ. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು-ಮೂರನೇ ದಿನ ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾಗಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು.

‘ಗೀಳು’ ಬೇಡ, ಬೇಡವೆಂದರೂ ಮರುಕಳಿಸುವ ಯೋಚನೆ, ಪದೇಪದೇ ಕೈತೊಳೆಯುವ ಕಾಯಿಲೆಗೆ ಆ ಪದ ಮೀಸಲಾಗಿದೆ. ‘ವ್ಯಸನ’ಕ್ಕೆ ದುಃಖ ಎಂಬ ಅರ್ಥವೂ ಉಂಟು, ಸಪ್ತವ್ಯಸನದ ಪಾಪದ ವಾಸನೆಯೂ ಉಂಟು. ‘ವ್ಯಸನಮುಕ್ತಿ ಕೇಂದ್ರ’ದ ಬೋರ್ಡಿನಲ್ಲಿ ಇರಲಿ. ಒಳಪುಟದಲ್ಲಿ ‘ಚಟ’, ‘ಚಟವಿರುವವರು’ ಸಾಕು.

ವಾಕ್ಯ ಹೀಗಿರಲಿ: ‘ಚಟ ಬಲಿತವರ ಮಿದುಳಿನಲ್ಲಿ ಡೋಪಮಿನ್‌ನ ಡಿ2 ಗ್ರಾಹಿಗಳು ಕಡಿಮೆ ಇರುವುದುಂಟು, ಸುಖ ಕುಗ್ಗಿದರೂ ಸೆಳೆತ ಕುಗ್ಗುವುದಿಲ್ಲ.’ ಕೆಳಗೆ ಉಚಿತ ಸಹಾಯವಾಣಿ 14446 ಅನ್ನು ದಪ್ಪಕ್ಷರದಲ್ಲಿ ಹಾಕಿಸಿ.