ಬೆಳಿಗ್ಗೆ ಮೊದಲ ಚೀಟಿಗೇ ಡೇಟಾಬೇಸ್ ಸಂಪರ್ಕ ಕೈಕೊಡುತ್ತಿದೆ (ಟಾಮ್‌ಕ್ಯಾಟ್ 9, ಮೈಎಸ್‌ಕ್ಯೂಎಲ್ 5.7)

ದ್ರಾಕ್ಷಿಲೆಕ್ಕ, ವಿಜಯಪುರ:
ನಮಸ್ಕಾರ. ಇಲ್ಲಿನ ಒಂದು ಕೋಲ್ಡ್ ಸ್ಟೋರೇಜಿನ ಒಣದ್ರಾಕ್ಷಿ ಲೆಕ್ಕದ ವೆಬ್ ಅಪ್ಲಿಕೇಶನ್ ನೋಡಿಕೊಳ್ಳುತ್ತೇನೆ. ಅದು ಟಾಮ್‌ಕ್ಯಾಟ್ ಅನ್ನುವ ವೆಬ್ ಸರ್ವರ್‌ನಲ್ಲಿ ಓಡುತ್ತದೆ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಡೇಟಾಬೇಸ್ ವಿವರ ಎಲ್ಲಾ ಕಾಂಟೆಕ್ಸ್ಟ್ ಎಕ್ಸ್‌ಎಂಎಲ್ ಫೈಲಿನ ರಿಸೋರ್ಸ್ ಟ್ಯಾಗ್‌ನಲ್ಲಿದೆ. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಎಂಟೂವರೆಗೆ ಬೀಗ ಹಾಕಿ, ಬೆಳಿಗ್ಗೆ ಒಂಬತ್ತೂಕಾಲಿಗೆ ಮೊದಲ ಚೀಟಿ ಹೊಡೆದರೆ ಎರರ್. 'ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್' ಅಂತ ಬರುತ್ತದೆ, ಕೊನೆಯ ಪ್ಯಾಕೆಟ್ ಬಂದು ಸುಮಾರು 4,59,00,000 ಮಿಲಿಸೆಕೆಂಡ್ ಆಯಿತು ಅನ್ನುತ್ತದೆ. ಮೂರ್ನಾಲ್ಕು ಸಲ ಒತ್ತಿದ ಮೇಲೆ ಸರಿಹೋಗುತ್ತದೆ. ಆದರೆ ಈಗ ಮಾರ್ಚ್. ಗೇಟಿನಲ್ಲಿ ರೈತರ ಗಾಡಿಗಳು ಕಾಯುತ್ತಿರುತ್ತವೆ, ನನಗೆ ತುಂಬಾ ಬೇಜಾರಾಗುತ್ತದೆ.

ನಿನ್ನೆ ಅದೇ ಫೈಲಿನಲ್ಲಿ ಡೇಟಾಬೇಸ್ ಯುಆರ್‌ಎಲ್ ಕೊನೆಗೆ & ಹಾಕಿ ಆಟೋರೀಕನೆಕ್ಟ್ (ಕಡಿದ ಸಂಪರ್ಕವನ್ನು ತಾನೇ ಮತ್ತೆ ಜೋಡಿಸುವ ಸೆಟ್ಟಿಂಗ್) ಸೇರಿಸಿದೆ. ಈಗ ಅಪ್ಲಿಕೇಶನ್ ಏಳುತ್ತಲೇ ಇಲ್ಲ!

ಪೂಲ್‌ಮನೆ, ಬೆಳಗಾವಿ:
ಎರಡು ಬೇರೆ ಬೇರೆ ತೊಂದರೆ ಇವು ತಮ್ಮಾ.

ಮೊದಲು ನಿನ್ನೆಯದು. ಎಕ್ಸ್‌ಎಂಎಲ್‌ನಲ್ಲಿ ಬರೀ & ಬರೆಯುವ ಹಾಗಿಲ್ಲ. ಅದಾದ ಮೇಲೆ ಎ, ಎಂ, ಪಿ ಸಣ್ಣಕ್ಷರದಲ್ಲಿ, ಕೊನೆಗೆ ಸೆಮಿಕೋಲನ್ ಬರಬೇಕು. ಲಾಗ್ ತೆಗೆದು ನೋಡು, ಸೆಮಿಕೋಲನ್ ಇಲ್ಲ ಅಂತಲೇ ಬೈದಿರುತ್ತದೆ. ಪಾಸ್‌ವರ್ಡ್‌ನಲ್ಲಿ & ಇದ್ದರೂ ಹೀಗೇ ಬರೆಯಬೇಕು. ಆದರೆ ಆಟೋರೀಕನೆಕ್ಟ್ ತೆಗೆದೇ ಬಿಡು. ಅದು ನಂಬುವಂಥದ್ದಲ್ಲ, ಮೈಎಸ್‌ಕ್ಯೂಎಲ್‌ನವರೇ ಬೇಡ ಅಂತ ಬರೆದಿದ್ದಾರೆ.

ಇನ್ನು ಬೆಳಗಿನದು. ನಿನ್ನ ಮಿಲಿಸೆಕೆಂಡಿನ ಲೆಕ್ಕ ಅಂದರೆ 45,900 ಸೆಕೆಂಡು, ಹನ್ನೆರಡೂಮುಕ್ಕಾಲು ತಾಸು. ಮೈಎಸ್‌ಕ್ಯೂಎಲ್‌ನ ವೆಯ್ಟ್ ಟೈಮ್‌ಔಟ್ ಯಾರೂ ಬದಲಿಸದಿದ್ದರೆ 28,800 ಸೆಕೆಂಡು, ಎಂಟು ತಾಸು. ಅಷ್ಟು ಹೊತ್ತು ಸುಮ್ನೆ ಕೂತ ಸಂಪರ್ಕವನ್ನು ಸರ್ವರ್ ಕಡಿದು ಹಾಕುತ್ತದೆ. ಪೂಲ್‌ಗೆ, ಅಂದರೆ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಬೇಕಾದಾಗ ಕೊಡುವ ಟಾಮ್‌ಕ್ಯಾಟ್‌ನ ಭಾಗಕ್ಕೆ, ಅದು ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ಸತ್ತ ಸಂಪರ್ಕಗಳನ್ನೇ ಒಂದೊಂದಾಗಿ ಕೊಡುತ್ತದೆ, ಅವು ಖಾಲಿಯಾದ ಮೇಲೆ ಹೊಸದು. ಮೂರ್ನಾಲ್ಕು ಸಲ ಒತ್ತಬೇಕಾಗುವುದು ಅದಕ್ಕೇ.

ಆದರೆ ಟಾಮ್‌ಕ್ಯಾಟ್ 9ರ ಮಾಮೂಲಿ ಪೂಲ್ ಸಂಪರ್ಕ ಕೊಡುವ ಮೊದಲು ಜೀವಂತ ಇದೆಯಾ ಅಂತ ತಾನೇ ನೋಡುತ್ತದೆ. ಅದಕ್ಕಿರುವ ಟೆಸ್ಟ್‌ಆನ್‌ಬಾರೋ ಅನ್ನುವ ಸೆಟ್ಟಿಂಗನ್ನು ಯಾರಾದರೂ ಫಾಲ್ಸ್ ಮಾಡಿದ್ದಾರಾ?

ದ್ರಾಕ್ಷಿಲೆಕ್ಕ:
ಹೌದು ಅಣ್ಣಾ, ಫಾಲ್ಸ್ ಅಂತಲೇ ಇದೆ! ನನಗಿಂತ ಮೊದಲು ಇದ್ದವರು ಬರೆದದ್ದು. ವೇಗ ಜಾಸ್ತಿ ಆಗಲಿ ಅಂತ ಇರಬೇಕು. ಅದರ ಕೆಳಗೆ ಮ್ಯಾಕ್ಸ್‌ಆಕ್ಟಿವ್ 30 ಅಂತಲೂ ಇದೆ.

ಪೂಲ್‌ಮನೆ:
ಟ್ರೂ ಮಾಡು. ಇಷ್ಟು ಸಣ್ಣ ಪರೀಕ್ಷೆಯಿಂದ ನಿನ್ನ ಚೀಟಿ ತಡವಾಗುವುದಿಲ್ಲ. ಸರಿಯಾಯಿತೋ ಇಲ್ಲವೋ ಅಂತ ನೋಡಲು ಬೆಳಗಿನವರೆಗೆ ಕಾಯಬೇಡ. ಪರೀಕ್ಷೆಯ ಡೇಟಾಬೇಸ್‌ನಲ್ಲಿ ವೆಯ್ಟ್ ಟೈಮ್‌ಔಟ್ ಗ್ಲೋಬಲ್ ಆಗಿ 60 ಮಾಡಿ, ಟಾಮ್‌ಕ್ಯಾಟ್ ಮತ್ತೆ ಶುರು ಮಾಡು. ಹೊಸ ಸಂಪರ್ಕಗಳಿಗೆ ಮಾತ್ರ ಅದು ತಗಲುತ್ತದೆ. ಒಂದು ಪುಟ ತೆರೆ, ಎರಡು ನಿಮಿಷ ಬಿಡು, ಮತ್ತೆ ಒತ್ತು.

ಖಣದಂಗಡಿ, ಬಾಗಲಕೋಟೆ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಪೂಲ್‌ನಲ್ಲಿ ಒಟ್ಟಿಗೆ ಎಷ್ಟು ಸಂಪರ್ಕ ಇರಬಹುದು ಅನ್ನುವ ಮಿತಿಗೆ ಮ್ಯಾಕ್ಸ್‌ಆಕ್ಟಿವ್ ಅನ್ನುವುದು ಟಾಮ್‌ಕ್ಯಾಟ್ 7ರ ಕಾಲದ ಹೆಸರು. 8ರಿಂದ ಅದು ಮ್ಯಾಕ್ಸ್‌ಟೋಟಲ್. ಹಳೆ ಹೆಸರಿದ್ದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ ಅಷ್ಟೇ. ನಿಮಗೆ ಸಿಗುತ್ತಿರುವುದು 30 ಅಲ್ಲ, ಡೀಫಾಲ್ಟ್ 8.

ದ್ರಾಕ್ಷಿಲೆಕ್ಕ:
ಇಬ್ಬರಿಗೂ ಧನ್ಯವಾದ. 60 ಸೆಕೆಂಡಿನ ಪರೀಕ್ಷೆ ಮಾಡಿದೆ. ಫಾಲ್ಸ್ ಇದ್ದಾಗ ಅದೇ ಎರರ್, ಟ್ರೂ ಮಾಡಿದ ಮೇಲೆ ಇಲ್ಲ. ಲಾಗ್‌ನಲ್ಲಿ ಮ್ಯಾಕ್ಸ್‌ಟೋಟಲ್ ಎಚ್ಚರಿಕೆಯೂ ಇತ್ತು, ನಾನೇ ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಮೊದಲ ಚೀಟಿ ಒಂದೇ ಸಲಕ್ಕೆ ಬಂತು. ತಿಕೋಟಾದ ಗಾಡಿ, 210 ಬಾಕ್ಸ್.