ಮಂಗಳೂರು–ಮಲ್ಪೆ ಕಡಲಲ್ಲಿ ಗಾಳಿಯಂತ್ರ ಯಾಕಿಲ್ಲ? ದೇಶದ ಕರೆಂಟಿಗೆ ಕಡಲ ಗಾಳಿ ಎಷ್ಟು ಕೊಟ್ಟೀತು?

ಪಡುಬಿದ್ರಿ_ಪಡುಗಾಳಿ:
ಕಡಲ ಗಾಳಿ ವಿದ್ಯುತ್ತಿಗೆಂದು ಗುಜರಾತಿನಲ್ಲಿ ಎಂಟು, ತಮಿಳುನಾಡಿನಲ್ಲಿ ಎಂಟು ವಲಯ ಗುರುತು ಮಾಡಿದ್ದಾರೆ. ಕರ್ನಾಟಕಕ್ಕೆ ಒಂದೂ ಇಲ್ಲ. ಜೂನ್‌ನಲ್ಲಿ ಪಣಂಬೂರು ಬೀಚಿನಲ್ಲಿ ಕೊಡೆ ನಿಲ್ಲುವುದಿಲ್ಲ, ಅಷ್ಟು ಗಾಳಿ ಉಂಟು. ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದಿಂದ ಹಾಸನಕ್ಕೆ 400 ಕೆವಿ ಲೈನೂ ಉಂಟು. ಮತ್ತೆ ಅಡ್ಡಿ ಎಂತದ್ದು? 2030ಕ್ಕೆ 30 ಗಿಗಾವಾಟ್ ಎಂದು ಗುರಿ ಇಟ್ಟಿದ್ದರಲ್ಲ, ಅದು ಪೂರ್ತಿ ಆದರೆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಪಾಲು ಎಷ್ಟು?

ಗಾಳಿಲೆಕ್ಕ:
ಜೂನ್ ಗಾಳಿ ನೋಡಿ ವರ್ಷದ ಲೆಕ್ಕ ಹಾಕಲಿಕ್ಕಾಗುವುದಿಲ್ಲ ಮಾರಾಯ್ರೆ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವಲ್ಲಿ ಸಿಗುವುದಕ್ಕಿಂತ 9 ಮೀಟರ್ ಬೀಸುವಲ್ಲಿ ಸುಮಾರು 3.4 ಪಟ್ಟು ಹೆಚ್ಚು. ಯಂತ್ರ ತಿರುಗಲು ಶುರುವಾಗುವುದು 3–4 ಮೀಟರಿಗೆ, ಪೂರ್ತಿ ಉತ್ಪಾದನೆಗೆ 11–13 ಬೇಕು, 25 ದಾಟಿದರೆ ತಾನೇ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಜೋರು. ಮಳೆಗಾಲ ಮುಗಿದ ಮೇಲೆ ಹಗಲು ಕಡಲ ಗಾಳಿ, ರಾತ್ರಿ ನೆಲದ ಗಾಳಿ, ಎರಡೂ ಮೆಲ್ಲಗೆ. ಅದೇ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ನೈಋತ್ಯ ಮಾರುತ ಘಟ್ಟದ ಸಂದಿಗಳಲ್ಲಿ ನುಗ್ಗಿ ವೇಗ ಪಡೆಯುತ್ತದೆ, ಮೇಲಿಂದ ಈಶಾನ್ಯ ಮಾರುತದ ಇನ್ನೊಂದು ಕಂತೂ ಸಿಗುತ್ತದೆ. ತಮಿಳುನಾಡಿನ ಎಂಟು ವಲಯ ಅತ್ತ ಹೋದದ್ದು ಇದಕ್ಕೇ.

ರಾಜ್ಯದ ಲೆಕ್ಕದಲ್ಲಿ ಇನ್ನೊಂದು ತೊಡಕು: ಕರ್ನಾಟಕಕ್ಕೆ ಕರೆಂಟು ಅತಿ ಹೆಚ್ಚು ಬೇಕಾಗುವುದು ಮಾರ್ಚ್–ಏಪ್ರಿಲ್‌ನಲ್ಲಿ. ಆಗ ಈ ಕಡಲಲ್ಲಿ ಗಾಳಿಯೇ ಇಲ್ಲ. ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಯಂತ್ರಗಳೂ ಜೋರಾಗಿ ತಿರುಗುತ್ತಿರುತ್ತವೆ, ಪಂಪ್‌ಸೆಟ್ಟುಗಳ ಬೇಡಿಕೆ ಇಳಿದಿರುತ್ತದೆ.

ಲಿಂಗನಮಕ್ಕಿ:
ಮಳೆಗಾಲದ ಕರೆಂಟು ವ್ಯರ್ಥ ಎನ್ನಬೇಡಿ. ಜೂನ್‌ನಲ್ಲಿ ಗಾಳಿಯಿಂದ ಬಂದಷ್ಟು ಯೂನಿಟ್ಟಿಗೆ ಶರಾವತಿಯಲ್ಲಿ ನೀರು ಉಳಿಸಬಹುದು, ಅದನ್ನು ಏಪ್ರಿಲ್‌ನಲ್ಲಿ ಬಿಡಬಹುದು. ಆದರೆ ಅಣೆಕಟ್ಟು ತುಂಬಿ ಗೇಟು ತೆಗೆದ ದಿನದಿಂದ ಈ ಲಾಭ ಸೊನ್ನೆ. ಇದೇ ಕೆಲಸವನ್ನು ಗದಗದ ಗಾಳಿ ಕಡಿಮೆ ದುಡ್ಡಿಗೆ ಮಾಡಿಕೊಡುತ್ತದೆ, ಅದು ಬೇರೆ ಮಾತು.

ಕೇಬಲ್_ಹಾಸುವವ:
ಗಾಳಿಯ ಮಾತು ಆಯಿತು, ಕಡಲ ತಳ ಯಾರೂ ನೋಡಲಿಲ್ಲ. ತಳಕ್ಕೆ ಊರುವ ಅಡಿಪಾಯ ಲಾಭಕ್ಕೆ ಬರುವುದು ಸುಮಾರು 60 ಮೀಟರ್ ಆಳದವರೆಗೆ, ಬೋಟಿನವರ ಲೆಕ್ಕದಲ್ಲಿ 33 ಮಾರು. ನಮ್ಮಲ್ಲಿ ಆ ಆಳದೊಳಗೆ ಜಾಗ ಧಾರಾಳ. ಆದರೆ ದಡದ ಹತ್ತಿರದ ತಳದಲ್ಲಿ ಮೆತ್ತನೆಯ ಕೆಸರು ಜೇಡಿ. ಒಂದೇ ಉಕ್ಕಿನ ಕೊಳವೆ ಹೊಡೆದು ನಿಲ್ಲಿಸುವ ಮೋನೋಪೈಲ್‌ಗೆ ದೊಡ್ಡ ಯಂತ್ರವಾದರೆ 8–10 ಮೀಟರ್ ವ್ಯಾಸ ಬೇಕು. ಜೇಡಿಯಲ್ಲಿ ಅದು ಅಡ್ಡಕ್ಕೆ ಬಾಗದ ಹಾಗೆ ಮಾಡಲು ಇನ್ನೂ ಆಳಕ್ಕೆ ಹೊಡೆಯಬೇಕು. ಇಲ್ಲದಿದ್ದರೆ ಇಡೀ ಗೋಪುರದ ಸಹಜ ಕಂಪನ ನಿಧಾನವಾಗಿ, ರೆಕ್ಕೆ ಸುತ್ತುವ ಲಯಕ್ಕೆ ಹತ್ತಿರ ಬರುತ್ತದೆ. ಎರಡೂ ಸೇರಿದರೆ ವೆಲ್ಡಿಂಗ್‌ನಲ್ಲಿ ಬಿರುಕು ಖಂಡಿತ. ಜಾಕೆಟ್ ಎನ್ನುವ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟು ಹಾಕಿದರೆ ಇದು ತಪ್ಪುತ್ತದೆ, ಆದರೆ ವೆಲ್ಡಿಂಗ್ ಕೆಲಸ ಹೆಚ್ಚು, ಖರ್ಚೂ ಹೆಚ್ಚು. ಕಾಲೂರಿ ನಿಲ್ಲುವ ಕ್ರೇನ್ ಹಡಗಿಗೂ ಜೇಡಿ ಅಪಾಯ. ಮೇಲೆ ಗಟ್ಟಿ, ಕೆಳಗೆ ಮೆತ್ತಗಿನ ಪದರ ಇದ್ದರೆ ಒಂದು ಕಾಲು ಒಮ್ಮೆಗೇ ಕುಸಿಯುತ್ತದೆ. ಹಾಗಾಗಿ ಪ್ರತಿ ಯಂತ್ರದ ಜಾಗದಲ್ಲೂ ಕೊರೆದು ಮಣ್ಣು ಪರೀಕ್ಷಿಸದೆ ಹಡಗು ತರುವ ಹಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ರಿಪೇರಿ. ಸಾಮಾನ್ಯ ಸಿಬ್ಬಂದಿ ಬೋಟಿನಿಂದ ಯಂತ್ರದ ಏಣಿಗೆ ದಾಟಲು ಅಲೆ ಸುಮಾರು 1.5 ಮೀಟರ್ ಮೀರಬಾರದು. ಮಳೆಗಾಲದಲ್ಲಿ ಇಲ್ಲಿ 3 ಮೀಟರ್ ಅಲೆ ಮಾಮೂಲು. ಅಂದರೆ ಗಾಳಿ ಇರುವ ತಿಂಗಳಲ್ಲೇ ಯಂತ್ರದ ಹತ್ತಿರ ಹೋಗಲಿಕ್ಕಾಗುವುದಿಲ್ಲ. 10 ಮೆಗಾವಾಟಿನ ಒಂದು ಯಂತ್ರ ಜೂನ್ ಮೊದಲ ವಾರ ಕೆಟ್ಟು 60 ದಿನ ನಿಂತಿತು ಎನ್ನಿ. ಶೇ. 70ರಷ್ಟು ಓಡಬೇಕಿದ್ದ ಕಾಲ ಅದು, ಹೋದದ್ದು ಸುಮಾರು 1 ಕೋಟಿ ಯೂನಿಟ್. ಅಲೆಗೆ ತಕ್ಕಂತೆ ಸರಿದೂಗಿಸಿಕೊಳ್ಳುವ ಸೇತುವೆಯ ದೊಡ್ಡ ಹಡಗು ಉಂಟು, ಆದರೆ ನಾಲ್ಕಾರು ಯಂತ್ರಕ್ಕೆ ಅದರ ಬಾಡಿಗೆ ಗಿಟ್ಟುವುದಿಲ್ಲ. ಎಣ್ಣೆ, ಬೋಲ್ಟ್ ಬಿಗಿತ, ರೆಕ್ಕೆಯ ಅಂಚು ಎಲ್ಲ ಮೇ ಮಧ್ಯದೊಳಗೆ ಮುಗಿಸಿಕೊಳ್ಳಬೇಕು.

ಪಡುಬಿದ್ರಿ_ಪಡುಗಾಳಿ:
ಇದು ಗೊತ್ತಿರಲಿಲ್ಲ. ಬಲೆ ಎಳೆಯುವ ಬೋಟಿನವರ ಕತೆ?

ಕೇಬಲ್_ಹಾಸುವವ:
ಯಂತ್ರಗಳ ನಡುವೆ 66 ಕೆವಿ ಕೇಬಲ್, ಕಡಲಲ್ಲೇ ಸಬ್‌ಸ್ಟೇಷನ್, ಅಲ್ಲಿಂದ ದಡಕ್ಕೆ 220 ಕೆವಿ. ಇವನ್ನು 1.5–2 ಮೀಟರ್ ಹೂಳುತ್ತಾರೆ. ಟ್ರಾಲ್ ಬಲೆಯ ಹಲಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಲಂಗರು ಇಳಿಯಬಹುದು. ಆದರೆ ಮಳೆಗಾಲದ ಅಲೆ ತಳದ ಮಣ್ಣು ಸರಿಸಿ ಕೇಬಲ್ ಬೆತ್ತಲೆ ಮಾಡುತ್ತದೆ. ವಿಶೇಷವಾಗಿ ಕಂಬದ ಬುಡದಲ್ಲಿ ಮಣ್ಣು ಕೊರೆದು ಹೋದರೆ ಕೇಬಲ್ ಜೋತು ಬಿದ್ದು, ಅಲ್ಲಾಡಿ ಅಲ್ಲಾಡಿ ಸವೆಯುತ್ತದೆ. ಅದಕ್ಕೆ ಬುಡಕ್ಕೆ ಕಲ್ಲು ಸುರಿಯಬೇಕು, ಪ್ರತಿ ಮಳೆಗಾಲದ ನಂತರ ಸೋನಾರ್ (ಶಬ್ದದಿಂದ ಕಡಲ ತಳ ನೋಡುವ ಸಾಧನ) ಹಾಯಿಸಿ ನೋಡಬೇಕು. ಟ್ರಾಲಿಂಗ್ ಯಂತ್ರಗಳ ಸಾಲಿನೊಳಗೆ ನಡೆಯಲಿಕ್ಕಿಲ್ಲ, ಅಷ್ಟು ಜಾಗ ಮಲ್ಪೆಯವರಿಗೆ ಹೋದ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಕೇಬಲ್ ಹಾಸುವ ಎನ್ನುವ ಯೋಚನೆ ಬೇಡ, ಆಗ ಅಲೆ ಬಿಡುವುದಿಲ್ಲ.

ಗಾಳಿಲೆಕ್ಕ:
ಪಾಲಿನ ಲೆಕ್ಕ ಬಾಕಿ ಇತ್ತು. 30 ಗಿಗಾವಾಟ್ ಅಂದರೆ 30,000 ಮೆಗಾವಾಟ್, ವರ್ಷಕ್ಕೆ 8760 ಗಂಟೆ, ಪೂರ್ತಿ ಸಾಮರ್ಥ್ಯದ ಸರಾಸರಿ ಶೇ. 38 ಉತ್ಪಾದನೆ ಎಂದಿಟ್ಟುಕೊಂಡರೆ ಸುಮಾರು 10,000 ಕೋಟಿ ಯೂನಿಟ್. ದೇಶದ ಒಟ್ಟು ಉತ್ಪಾದನೆ 1.8 ಲಕ್ಷ ಕೋಟಿ ಯೂನಿಟ್ ಆಸುಪಾಸು, ಅಂದರೆ ಶೇ. 5.5. ಎಲ್ಲೂರಿನಂಥ ಸ್ಥಾವರ ಶೇ. 75 ಓಡಿದರೆ ಹನ್ನೆರಡು ಹದಿಮೂರು ಸ್ಥಾವರಕ್ಕೆ ಸಮ. ಬ್ರಿಟನ್ 2023ರಲ್ಲಿ ಕಡಲ ಗಾಳಿಯಿಂದಲೇ ಸುಮಾರು ಶೇ. 17 ಪಡೆಯಿತು, ಆದರೆ ಅವರಿಗೆ ಉತ್ತರ ಸಮುದ್ರದ ಗಾಳಿ ಚಳಿಗಾಲದಲ್ಲಿ, ಬೇಡಿಕೆ ಇರುವಾಗಲೇ ಜೋರು.

ದುಡ್ಡಿನ ಮಾತು: ಜೂನ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಹಾಯಧನ ಗುಜರಾತ್ 500, ತಮಿಳುನಾಡು 500 ಮೆಗಾವಾಟಿಗೆ 6,853 ಕೋಟಿ ರೂಪಾಯಿ, ಎರಡು ಬಂದರು ಸುಧಾರಣೆಗೆ ಬೇರೆ 600 ಕೋಟಿ. ಮೆಗಾವಾಟಿಗೆ 6.85 ಕೋಟಿ ಬರೀ ಸಹಾಯಧನ, ನೆಲದ ಮೇಲೆ ಪೂರ್ತಿ ಯಂತ್ರ ನಿಲ್ಲಿಸುವ ಖರ್ಚಿನ ಹತ್ತಿರ ಹತ್ತಿರ. ಕಡಲ ಸಬ್‌ಸ್ಟೇಷನ್ ಮತ್ತು ಲೈನು ಕೇಂದ್ರದ ಪವರ್ ಗ್ರಿಡ್ ಕಂಪನಿಯವರ ತಲೆಗೆ, ಅದು ಇದರಲ್ಲಿ ಸೇರಿಲ್ಲ.

ಗುಜರಾತಿನ ಗಾಳಿ ತಮಿಳುನಾಡಿನಷ್ಟಿಲ್ಲ, ಜೊತೆಗೆ ತೂಫಾನಿನ ಭಯ. ಮೇ 2021ರ ತೌಕ್ತೆ ನಮ್ಮ ಕರಾವಳಿ ಸವರಿಕೊಂಡು ಹೋಗಿ ಊನಾ ಹತ್ತಿರ ದಡ ಸೇರಿತು. ಅಂಥ ಕಡೆ ಸೆಕೆಂಡಿಗೆ 57 ಮೀಟರ್ ಗಾಳಿಯ ಲೆಕ್ಕದ ‘ಟಿ’ ವರ್ಗದ ಯಂತ್ರವೇ ಬೇಕು. ಗ್ರಿಡ್ ಕರೆಂಟು ಹೋದಾಗಲೂ ಯಂತ್ರದ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸಲು ಬ್ಯಾಟರಿ ಅಥವಾ ಡೀಸೆಲ್ ಇರಬೇಕು. ಅಡ್ಡಗಾಳಿಗೆ ಸಿಕ್ಕಿದ ರೆಕ್ಕೆ ಉಳಿಯುವುದು ಕಷ್ಟ.